ಒಂದು ಎಲೆ ಹೆಚ್ಚಾಯಿತು

1999ರ ಜುಲೈ ತಿಂಗಳು. ನಾನಾಗ ದುಬೈಯ ದೇರಾದಲ್ಲಿದ್ದ ಒಂದು ಹೋಟೆಲಿನಲ್ಲಿ ಬ್ಯಾಂಕ್ವೆಟ್ ವೇಟರ್. ಮದುವೆ, ಕಂಪನಿಯವರ ಪಾರ್ಟಿ, ಮೀಟಿಂಗು ಇಂಥವಕ್ಕೆಲ್ಲ ಬಡಿಸುವವರು ನಾವು. ಹೆಸರು ಮಾತ್ರ ದೊಡ್ಡದು, ಕೆಲಸ ಊರಲ್ಲಿ ಮಾಡುತ್ತಿದ್ದದ್ದೇ. ಬೆಳ್ತಂಗಡಿ ಕಡೆಯ ಮದುವೆ ಊಟಗಳಲ್ಲಿ ಪಂಚೆ ಉಟ್ಟು ಸಾರು ಬಡಿಸುತ್ತಿದ್ದವನು ಅಲ್ಲಿ ಕರಿ ಕೋಟು ಹಾಕಿ ಸೂಪು ಬಡಿಸುತ್ತಿದ್ದೆ. ಇಪ್ಪತ್ತಾರು ವರ್ಷ, ಮದುವೆಯಾಗಿರಲಿಲ್ಲ, ಹಿಂದೆ ಮುಂದೆ ದೊಡ್ಡ ಜವಾಬ್ದಾರಿಯೂ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾನು ಮಾಡಿದ್ದಕ್ಕೆ ಹೊಟ್ಟೆಪಾಡು ಕಾರಣ ಎಂದು ಯಾರೂ ಕನಿಕರಪಡುವುದು ಬೇಡ.

ನಮ್ಮ ವಿಭಾಗದ ಕ್ಯಾಪ್ಟನ್ ಲಾರೆನ್ಸ್. ಮೂಡಬಿದಿರೆ ಹತ್ತಿರದವರು, ಮನೆಮಾತು ಕೊಂಕಣಿ. ನಲವತ್ತಾರು ದಾಟಿತ್ತು. ನಾನು ಅವರನ್ನು ಲಾರೆನ್ಸಣ್ಣ ಎನ್ನುತ್ತಿದ್ದೆ, ಸದಾನಂದನಾದ ನನ್ನನ್ನು ಅವರು ಸದಾ ಎನ್ನುತ್ತಿದ್ದರು. ದೇರಾದಲ್ಲೇ ನೈಫ್ ಎಂಬ ಬಡಾವಣೆಯಲ್ಲಿ ಹೋಟೆಲಿನವರು ಕೊಟ್ಟಿದ್ದ ರೂಮಿನಲ್ಲಿ ಕೆಳಗಿನ ಮಂಚ ಅವರದು, ಅದರ ಮೇಲಿನದು ನನ್ನದು. ನಾವಿಬ್ಬರೂ ತುಳು, ಕನ್ನಡ ಎರಡನ್ನೂ ಕಲಸಿ ಮಾತಾಡುತ್ತಿದ್ದೆವು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ಗಲ್ಫಿಗೆ ಬರುವ ಮೊದಲು ಲಾರೆನ್ಸಣ್ಣ ಮುಂಬಯಿಯ ಒಂದು ಉಡುಪಿ ಹೋಟೆಲಿನ ಊಟದ ಹಾಲಿನಲ್ಲಿ ಹನ್ನೊಂದು ವರ್ಷ ಬಡಿಸಿದ್ದರು. ನಾನು ಹೊಸದಾಗಿ ಸೇರಿದಾಗ ಒಬ್ಬ ಅತಿಥಿ ಬೇಡ ಎಂದು ಕೈ ಆಡಿಸಿದ ಕೂಡಲೇ ನಾನು ಪಲಾವಿನ ಟ್ರೇ ಎತ್ತಿಕೊಂಡು ಮುಂದೆ ಹೋಗಿಬಿಟ್ಟಿದ್ದೆ. ಒಳಗೆ ಕರೆದು ಬೈದರು.

"ಎಂತ ಮಾರಾಯ, ಸಾಕು ಅಂದ ಕೂಡ್ಲೇ ಓಡುವುದಾ? ಅದು ನಾಚಿಕೆಗೆ ಹೇಳುವುದು. ನಗಾಡಿಕೊಂಡು ಒಂದು ಸೌಟು ಹಾಕ್ಬೇಕು. ಆಮೇಲೂ ಬೇಡ ಅಂದ್ರೆ ಬಿಡು. ಅಷ್ಟೂ ಮಾಡ್ದಿದ್ರೆ ಅದು ಬಡಿಸಿದ್ದಾ?"

ನಮ್ಮ ಊರಿನ ಕ್ರಮವೂ ಅದೇ ಅಲ್ಲವೇ. ಊಟದ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು 'ಸಾಕು ಸಾಕು' ಎಂದವರಿಗೂ ಬೆರಳಿನ ಸಂದಿಯಿಂದ ಪಾಯಸ ಬಿಡುವವರು ನಾವು. ಒಳ್ಳೆಯ ಬಡಿಸುವವನು ಎಂದು ಹೆಸರು ಬರುವುದೇ ಹಾಗೆ. ವಿಚಿತ್ರವೆಂದರೆ ದುಬೈಯಲ್ಲೂ ಇದು ನಡೆಯುತ್ತಿತ್ತು. ಲಾರೆನ್ಸಣ್ಣ ಬಗ್ಗಿ, ನಕ್ಕು, "ಜಸ್ಟ್ ಎ ಲಿಟ್ಲ್" ಎಂದು ಹಾಕಿದರೆ ಅರಬರಾಗಲಿ ಬಿಳಿಯರಾಗಲಿ ಬೇಡ ಎಂದದ್ದನ್ನು ನಾನು ಕಂಡಿರಲಿಲ್ಲ.

ಆ ಜುಲೈಯಲ್ಲಿ ಹೋಟೆಲಿನ ನೋಟಿಸ್ ಬೋರ್ಡಿಗೆ ಎರಡು ಕಾಗದ ಬಿದ್ದವು. ರಿಪೇರಿಗಾಗಿ ಸೆಪ್ಟೆಂಬರಿನಲ್ಲಿ ಹೋಟೆಲು ಮುಚ್ಚುತ್ತದೆ, ಬ್ಯಾಂಕ್ವೆಟ್‌ನವರ ವೀಸಾ ಕ್ಯಾನ್ಸಲ್ ಆಗುತ್ತದೆ ಎಂದು ಒಂದರಲ್ಲಿತ್ತು. ಪ್ರವಾಸಿ ಹಡಗಿನ ಕ್ಯಾಸಿನೊದಲ್ಲಿ ಇಸ್ಪೀಟು ಹಂಚುವ ಡೀಲರ್ ಕೆಲಸಕ್ಕೆ ಜನ ಬೇಕಾಗಿದ್ದಾರೆ, ಇಂಗ್ಲಿಷ್ ಬರುವ ಹೋಟೆಲ್ ನೌಕರರಿಗೆ ಐದು ವಾರ ಇಲ್ಲೇ ತರಬೇತಿ, ಕೊನೆಯಲ್ಲಿ ಪರೀಕ್ಷೆ ಎಂದು ಇನ್ನೊಂದರಲ್ಲಿತ್ತು.

ನನಗೆ ಮೊದಲ ಕಾಗದ ಅಷ್ಟೇನೂ ಹೆದರಿಕೆ ಹುಟ್ಟಿಸಲಿಲ್ಲ. ಪ್ರಾಯ ಇತ್ತು, ಇನ್ನೊಂದು ಹೋಟೆಲು ಸಿಗುತ್ತಿತ್ತು. ಲಾರೆನ್ಸಣ್ಣ ಮಾತ್ರ ಬೋರ್ಡಿನ ಮುಂದೆ ತುಂಬ ಹೊತ್ತು ನಿಂತಿದ್ದರು. ಆಗಲೇ ನಾಲ್ಕು ಹೋಟೆಲಿಗೆ ಹೋಗಿ ಕೇಳಿ ಬಂದಿದ್ದರಂತೆ. ಎಲ್ಲ ಕಡೆಯೂ ಮೂವತ್ತೈದರ ಒಳಗಿನವರು ಬೇಕು ಎಂದಿದ್ದರು. ಊರಲ್ಲಿ ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು.

"ನೀನು ಎಲ್ಲಿಗಾದ್ರೂ ಹೋಗ್ತಿ ಸದಾ. ನಂಗೆ ಇದೊಂದೇ ಬಾಗಿಲು ಉಂಟು" ಎಂದರು.

ಇಬ್ಬರೂ ಹೆಸರು ಕೊಟ್ಟೆವು. ನಾನು ಕೊಟ್ಟದ್ದು ಹಡಗು ನೋಡುವ ಆಸೆಗೆ. ನಮ್ಮ ಮನೆಯಲ್ಲಿ ಇಸ್ಪೀಟಿನ ಕಟ್ಟು ಕಂಡರೆ ಅಮ್ಮ ಒಲೆಗೆ ಹಾಕುತ್ತಿದ್ದಳು. ಅವಳಿಗೆ ಬರೆದ ಕಾಗದದಲ್ಲಿ 'ಹಡಗಿನಲ್ಲಿ ಹೋಟೆಲ್ ಕೆಲಸಕ್ಕೆ ಟ್ರೈನಿಂಗ್' ಎಂದಷ್ಟೇ ಬರೆದೆ.

ತರಬೇತಿ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ, ನೆಲಮಾಳಿಗೆಯ ಖಾಲಿ ಹಾಲಿನಲ್ಲಿ. ಆ ದೇಶದಲ್ಲಿ ದುಡ್ಡಿಟ್ಟು ಆಡುವುದು ಅಪರಾಧ. ಆದ್ದರಿಂದ ಎಲ್ಲ ಬೆಲೆಯಿಲ್ಲದ ಪ್ಲಾಸ್ಟಿಕ್ ಬಿಲ್ಲೆಗಳಲ್ಲಿ. ಹೇಳಿಕೊಡಲು ಬಂದವನು ಕೋಲಿನ್ ಎಂಬ ಇಂಗ್ಲಿಷಿನವನು, ಹಡಗುಗಳಲ್ಲೇ ಇಪ್ಪತ್ತು ವರ್ಷ ಕಳೆದವನು. ಮೊದಲ ದಿನ ಹದಿನಾಲ್ಕು ಜನ ಇದ್ದೆವು.

ಆಟದ ಹೆಸರು ಬ್ಲ್ಯಾಕ್‌ಜ್ಯಾಕ್. ಕೇಳಲಿಕ್ಕೆ ಸುಲಭ. ಕೈಯಲ್ಲಿರುವ ಎಲೆಗಳ ಮೊತ್ತ ಇಪ್ಪತ್ತೊಂದರ ಹತ್ತಿರ ಬರಬೇಕು, ದಾಟಿದರೆ ಅಲ್ಲಿಗೇ ಸೋಲು. ರಾಜ, ರಾಣಿ, ಗುಲಾಮ ಮೂವರಿಗೂ ಹತ್ತೇ ಬೆಲೆ. ಎಕ್ಕಕ್ಕೆ ಒಂದು ಅಂತಲೂ ಹೇಳಬಹುದು, ಹನ್ನೊಂದು ಅಂತಲೂ ಹೇಳಬಹುದು. ಹಂಚುವ ನಮಗೆ ಸ್ವಂತ ಬುದ್ಧಿ ಬೇಡವೇ ಬೇಡ. ನಮ್ಮ ಮೊತ್ತ ಹದಿನಾರು ಇರುವವರೆಗೆ ಎಲೆ ತೆಗೆಯಲೇಬೇಕು, ಹದಿನೇಳಾದರೆ ನಿಲ್ಲಲೇಬೇಕು. ಎಲೆಗಳನ್ನು ತುಂಬಿಡುವ ಪೆಟ್ಟಿಗೆಗೆ 'ಶೂ' ಎನ್ನುತ್ತಾರೆ. ಮೊದಲ ದಿನ ಕೋಲಿನ್ ಶೂನಿಂದ ಎಲೆ ತೆಗೆ ಎಂದಾಗ ನಾನು ನನ್ನ ಕಾಲು ನೋಡಿಕೊಂಡೆ. ಹಾಲಿಗೆ ಹಾಲೇ ನಕ್ಕಿತು. ಮೇಜು ಬಿಟ್ಟು ಏಳುವಾಗ ಚಪ್ಪಾಳೆ ತಟ್ಟಿ ಎರಡೂ ಅಂಗೈ ಮೇಲೆ ಮಾಡಿ ತೋರಿಸಬೇಕು, ಏನೂ ಕದ್ದಿಲ್ಲ ಎಂದು. ಮೇಲಿಂದ ಕ್ಯಾಮೆರಾ ನೋಡುತ್ತಿರುತ್ತದಂತೆ.

ಆ ಕ್ಯಾಮೆರಾದ ದೆಸೆಯಿಂದಲೇ ಇನ್ನೊಂದು ನಿಯಮ. ಆಡುವವರು ಬಾಯಲ್ಲಿ ಹೇಳಿದ್ದಕ್ಕೆ ಬೆಲೆಯಿಲ್ಲ, ಕ್ಯಾಮೆರಾಕ್ಕೆ ಕಿವಿ ಇಲ್ಲವಲ್ಲ. ಕೈಸನ್ನೆ ಮಾತ್ರ ಲೆಕ್ಕಕ್ಕೆ. ಮೇಜಿನ ಮೇಲೆ ಬೆರಳಿನಿಂದ ಕುಟ್ಟಿದರೆ ಇನ್ನೊಂದು ಎಲೆ ಕೊಡಬೇಕು. ಎಲೆಗಳ ಮೇಲೆ ಕೈ ಅಡ್ಡ ಆಡಿಸಿದರೆ ಕೊಡಬಾರದು.

ನನಗೆ ಸನ್ನೆ ಒಂದೇ ದಿನಕ್ಕೆ ಬಂತು, ಲೆಕ್ಕ ಬರಲಿಲ್ಲ. ಐದು ಎಲೆ ಬಿದ್ದರೆ ತುಟಿ ಅಲ್ಲಾಡಿಸಿ ಕೂಡಿಸುತ್ತ ನಿಲ್ಲುತ್ತಿದ್ದೆ. ಕೋಲಿನ್ ಕೈಗಡಿಯಾರ ನೋಡುತ್ತಿದ್ದ. ಲಾರೆನ್ಸಣ್ಣನದು ತಿರುಗುಮುರುಗು. ನೂರು ಜನರ ಬಿಲ್ಲು ಬಾಯಲ್ಲೇ ಹೇಳಿ ಅಭ್ಯಾಸವಿದ್ದ ಮನುಷ್ಯ, ಎಲೆ ಬೀಳುವ ಮೊದಲೇ ಮೊತ್ತ ಹೇಳುತ್ತಿದ್ದರು. ಆದರೆ ಸನ್ನೆಯಲ್ಲಿ ಗಲಿಬಿಲಿ. ಕುಟ್ಟಿದರೆ ನಿಲ್ಲುವುದು, ಅಡ್ಡ ಆಡಿಸಿದರೆ ಕೊಡುವುದು. ಮೊದಲ ವಾರ ಕೋಲಿನ್‌ನಿಂದ ಎಷ್ಟು ಸಲ ಬೈಸಿಕೊಂಡರೋ ಲೆಕ್ಕವಿಲ್ಲ.

ನಮಗೆ ಮಧ್ಯಾಹ್ನ ಮೂರರಿಂದ ಆರರವರೆಗೆ ಬ್ರೇಕ್. ನೈಫ್‌ನ ಒಂದು ಅಂಗಡಿಯಿಂದ ಎರಡು ಕಟ್ಟು ಇಸ್ಪೀಟು ತಂದು, ಇಸ್ತ್ರಿ ಮೇಜಿನ ಮೇಲೆ ಹಸಿರು ಬೆಡ್‌ಶೀಟ್ ಹಾಸಿ, ರೂಮಿನಲ್ಲೇ ಅಭ್ಯಾಸ ಶುರುಮಾಡಿದೆವು. ಅವರು ನನಗೆ ಲೆಕ್ಕ ಹೇಳಿಕೊಡುವುದು, ನಾನು ಅವರಿಗೆ ಸನ್ನೆ.

"ಒಂದೊಂದೇ ಕೂಡಿಸ್ಬೇಡ ಮಾರಾಯ. ಜೋಡಿ ಮಾಡು. ಆರು ನಾಲ್ಕು ಕಂಡ್ರೆ ಹತ್ತು. ಎಂಟು ಎರಡು ಕಂಡ್ರೆ ಹತ್ತು. ಹತ್ತು ಹಿಡ್ಕೊಂಡು ಉಳಿದದ್ದು ಸೇರ್ಸು. ಒಂದು ಟೇಬಲಿಗೆ ಎಷ್ಟು ಇಡ್ಲಿ ಹೋಯ್ತು ಅಂತ ನಾನು ಹಾಗೇ ನೋಡ್ತಿದ್ದದ್ದು" ಎಂದರು.

ಹತ್ತು ದಿನಕ್ಕೆ ನನ್ನ ತುಟಿ ನಿಂತಿತು. ಅವರಿಗೆ ಸನ್ನೆ ಮಾತ್ರ ಹತ್ತುತ್ತಿರಲಿಲ್ಲ. ಒಂದು ದಿನ ನನಗೆ ಫಕ್ಕನೆ ಹೊಳೆಯಿತು.

"ಲಾರೆನ್ಸಣ್ಣ, ಇದು ಇಸ್ಪೀಟಿನ ಎಲೆ ಅಂತ ಗ್ರಹಿಸ್ಬೇಡಿ. ಊಟದ ಎಲೆ ಅಂತ ಗ್ರಹಿಸಿ. ಬೆರಳಲ್ಲಿ ತೋರಿಸಿದ್ರೆ 'ಇಲ್ಲಿಗೆ ಹಾಕಿ' ಅಂತ. ಕೈ ಅಡ್ಡ ಹಿಡಿದ್ರೆ 'ಸಾಕು' ಅಂತ. ಅಷ್ಟೇ."

ಅವರು ಎಲೆ ಕೆಳಗಿಟ್ಟು ನನ್ನನ್ನೇ ನೋಡಿದರು. ಆಮೇಲೆ ಜೋರಾಗಿ ನಕ್ಕರು. "ಅಯ್ಯೋ ನಿನ್ನ ತಲೆಯೇ! ಇದನ್ನು ಆ ಬೊಳ್ಳ ಯಾಕೆ ಹೇಳ್ಲಿಲ್ಲ?" ಎಂದರು. ಬೊಳ್ಳ ಎಂದರೆ ಬಿಳಿಯ, ಕೋಲಿನ್‌ಗೆ ನಾವಿಟ್ಟ ಹೆಸರು. ಆ ದಿನದಿಂದ ರೂಮಿನ ಅಭ್ಯಾಸದಲ್ಲಿ ಲಾರೆನ್ಸಣ್ಣನ ಕೈ ಒಂದೇ ಒಂದು ಸಲವೂ ತಪ್ಪಲಿಲ್ಲ. ಒಂದೇ ಒಂದು ಸಲವೂ. ಕೊನೆಯ ಎರಡು ವಾರ ಅವರಿಗೆ ಬೆಳಗಿನ ಮೀಟಿಂಗುಗಳ ಡ್ಯೂಟಿ ಬಿದ್ದು ಕ್ಲಾಸಿಗೆ ಬರಲು ಆಗಲಿಲ್ಲ. ಕೋಲಿನ್ ಒಪ್ಪಿ ನೇರ ಪರೀಕ್ಷೆಗೆ ಬಾ ಎಂದಿದ್ದ. ಅಷ್ಟೂ ದಿನ ರೂಮಿನಲ್ಲಿ ನನ್ನ ಜೊತೆಯೇ ಅಭ್ಯಾಸ. ಅವರ ಕೈ ಎಷ್ಟು ಪಳಗಿದೆ ಎಂದು ಗೊತ್ತಿದ್ದದ್ದು ಜಗತ್ತಿನಲ್ಲಿ ನನಗೊಬ್ಬನಿಗೆ.

ಪರೀಕ್ಷೆಗೆ ನಾಲ್ಕು ದಿನ ಇರುವಾಗ ಎಚ್.ಆರ್. ಆಫೀಸಿನ ಗುಮಾಸ್ತ ನಾಗರಾಜ್ ನನ್ನನ್ನು ಪಕ್ಕಕ್ಕೆ ಕರೆದ. ಮೈಸೂರಿನವನು, ಮ್ಯಾನೇಜರರ ಮೇಜಿನ ಮೇಲಿನ ಕಾಗದವೆಲ್ಲ ತಲೆಕೆಳಗಾಗಿ ಓದಬಲ್ಲವನು.

"ನೋಡ್ರೀ ಸದಾನಂದ್, ಯಾರ್ ಹತ್ರಾನೂ ಹೇಳ್ಬೇಡಿ. ನಮ್ ಹೋಟ್ಲಿಂದ ಒಬ್ರನ್ನೇ ತಗೊಳೋದಂತೆ. ಒಂದೇ ಸೀಟು. ನೀವು ಹುಷಾರಾಗಿ ಮಾಡಿ, ಅಷ್ಟೇ ಕಣ್ರೀ."

ಅಷ್ಟರಲ್ಲಿ ಹದಿನಾಲ್ಕು ಜನ ಐದಕ್ಕೆ ಇಳಿದಿದ್ದರು. ಆ ಐವರಲ್ಲಿ ಪಳಗಿದವರು ನಾವಿಬ್ಬರೇ. ಮಧ್ಯಾಹ್ನ ರೂಮಿಗೆ ಬಂದು ಲಾರೆನ್ಸಣ್ಣನಿಗೆ ಹೇಳಿದೆ. ಮುಚ್ಚಿಡಬೇಕು ಎಂದು ಆಗ ಇನ್ನೂ ಅನಿಸಿರಲಿಲ್ಲ. ಅವರು "ಹಾಗಾದ್ರೆ ಒಬ್ಬನಿಗೆ ಸಿಕ್ಕಿದ್ರೆ ಇನ್ನೊಬ್ಬ ಹೊಟ್ಟೆಕಿಚ್ಚು ಮಾಡ್ಲಿಕ್ಕಿಲ್ಲ, ಆಯ್ತಾ?" ಎಂದರು. ಆಯಿತು ಎಂದೆ. "ಹಾಂ, ಎಲೆ ಹಾಕು. ನಿಂದು ಏಳು ಮತ್ತೆ ಎಂಟು ಬಂದ್ರೆ ಈಗ್ಲೂ ತಡವರಿಸ್ತಿ" ಎಂದು ಮತ್ತೆ ಕಲಿಸಲು ಕುಳಿತರು. ಸೀಟು ಒಂದೇ ಎಂದು ಗೊತ್ತಾದ ಮೇಲೂ ಆ ಮನುಷ್ಯ ನಾಲ್ಕು ದಿನ ನನಗೆ ಲೆಕ್ಕ ಹೇಳಿಕೊಟ್ಟರು.

ಪರೀಕ್ಷೆ ಆಗಸ್ಟ್ ಕೊನೆಯಲ್ಲಿ, ಬೆಳಿಗ್ಗೆ. ಹಡಗಿನ ಕಂಪನಿಯಿಂದ ಒಬ್ಬ ಹಿರಿಯ ಮೇಡಂ ಬಂದಿದ್ದರು. ಬಿಳಿ ಕೂದಲು, ನಗುಮುಖ, ಮೊಮ್ಮಕ್ಕಳಿರುವ ಹೆಂಗಸಿನ ಹಾಗೆ ಕಾಣುತ್ತಿದ್ದರು. ಅವರು ಆಡುವವರ ಜಾಗದಲ್ಲಿ ಕೂರುತ್ತಾರೆ, ಜೊತೆಗೆ ನಮ್ಮಲ್ಲೇ ಇಬ್ಬರು ಗಿರಾಕಿಗಳ ಹಾಗೆ ಕೂರಬೇಕು. ಒಬ್ಬೊಬ್ಬರೂ ಅರ್ಧ ಗಂಟೆ ಹಂಚಬೇಕು.

ನನ್ನದು ಮೊದಲು ಆಯಿತು. ಏಳು, ಎಂಟು ಬಂದವು. ತಡವರಿಸಲಿಲ್ಲ. ಚಪ್ಪಾಳೆ ತಟ್ಟಿ, ಅಂಗೈ ತೋರಿಸಿ, ಎದ್ದು ಬಂದೆ. ಕೋಲಿನ್ ತಲೆಯಾಡಿಸಿದ.

ಮುಂದಿನದು ಲಾರೆನ್ಸಣ್ಣ. ಗಿರಾಕಿಯಾಗಿ ಕೂರಲು ಕೋಲಿನ್ ನನಗೇ ಹೇಳಿದ. ಮೇಡಂ ನನ್ನ ಬಲಗಡೆ. ಲಾರೆನ್ಸಣ್ಣ ಎಷ್ಟು ಚೆನ್ನಾಗಿ ಹಂಚಿದರೆಂದರೆ ಇಪ್ಪತ್ತು ನಿಮಿಷ ಅಲ್ಲಿ ಯಾರೂ ಉಸಿರೆತ್ತಲಿಲ್ಲ. ಎಲೆಗಳು ಅವರ ಬೆರಳಿನಿಂದ ತಾವಾಗಿಯೇ ಜಾರಿ ಹೋಗಿ ಸಾಲಾಗಿ ಕೂರುತ್ತಿದ್ದವು. ನನ್ನದು ಅದರ ಅರ್ಧವೂ ಇರಲಿಲ್ಲ. ಅದು ನನಗೂ ಗೊತ್ತಾಯಿತು, ಕೋಲಿನ್‌ಗೂ ಗೊತ್ತಾಯಿತು. ಸೀಟು ಒಂದೇ ಎಂಬುದು ಆಗ ನೆನಪಾಯಿತು.

ಆಟ ಚೆನ್ನಾಗಿ ನಡೆಯುತ್ತಿದ್ದುದರಿಂದ ಮೇಡಂ ಸಲುಗೆಯಿಂದ ಮಾತಿಗಿಳಿದರು. ಎಷ್ಟು ವರ್ಷದಿಂದ ಈ ಹೋಟೆಲಿನಲ್ಲಿದ್ದೀ, ಇಲ್ಲಿ ಊಟ ಚೆನ್ನಾಗಿದೆ ಎಂದರು. ಅದೂ ಪರೀಕ್ಷೆಯೇ, ಗಿರಾಕಿ ಮಾತಾಡಿಸಿದರೂ ಕೈ ತಪ್ಪಬಾರದು. ಲಾರೆನ್ಸಣ್ಣ ನಗುತ್ತ ಉತ್ತರ ಕೊಟ್ಟರು. ಊಟದ ಮಾತು ಬಂದದ್ದೇ ಅವರ ಮೈಯೆಲ್ಲ ಸಡಿಲವಾಯಿತು. ಮೇಡಂ ಮುಂದೆ ಒಂದು ರಾಣಿ, ಒಂದು ಆರು. ಹದಿನಾರು. ಮೇಡಂ ಮಾತಾಡುತ್ತಲೇ, ನಗುತ್ತಲೇ, ಎಲೆಗಳ ಮೇಲೆ ಕೈ ಅಡ್ಡ ಆಡಿಸಿದರು. ನಮ್ಮ ಊರಿನ ಹೆಂಗಸರು ಎರಡನೇ ಸಲ ಪಾಯಸ ಬಂದಾಗ ಮಾಡುವ ಹಾಗೆಯೇ.

ಲಾರೆನ್ಸಣ್ಣ ಬಗ್ಗಿದರು. ನಕ್ಕರು. "ಜಸ್ಟ್ ಎ ಲಿಟ್ಲ್, ಮೇಡಂ" ಎಂದರು. ಎಲೆ ಬಿತ್ತು.

ರಾಜ. ಇಪ್ಪತ್ತಾರು.

ಒಂದು ಕ್ಷಣ ಯಾರಿಗೂ ಏನಾಯಿತೆಂದು ಅರ್ಥವಾಗಲಿಲ್ಲ. ಆಮೇಲೆ ಮೇಡಂ ನಕ್ಕರು, ಕೋಲಿನ್ ನಕ್ಕ, ಹಿಂದೆ ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಲಾರೆನ್ಸಣ್ಣನ ಕೈ ಶೂನ ಮೇಲೆ ಹಾಗೇ ನಿಂತಿತ್ತು. ಮೊದಲು ಅವರೂ ನಗಲು ನೋಡಿದರು, ಆಗಲಿಲ್ಲ. ಮುಖ ಕೆಂಪಾಗಿ, ಆಮೇಲೆ ಕಪ್ಪಾಯಿತು. ಉಳಿದ ಹತ್ತು ನಿಮಿಷ ಒಂದೂ ತಪ್ಪಿಲ್ಲದೆ ಹಂಚಿ, ಅಂಗೈ ತೋರಿಸಿ ಹೊರಗೆ ಹೋದರು.

ಕೋಲಿನ್ ನನ್ನನ್ನು ಹಾಲಿನ ಮೂಲೆಗೆ ಕರೆದ. "ಎರಡು ವಾರದಿಂದ ಅವನು ನಿನ್ನ ಜೊತೆಯೇ ಅಭ್ಯಾಸ ಮಾಡಿದ್ದಲ್ಲವೇ? ನಿಜ ಹೇಳು. ಅಲ್ಲೂ ಹೀಗೆ ಮಾಡುತ್ತಿದ್ದನಾ, ಅಥವಾ ಇದೇ ಮೊದಲೇ?" ಎಂದು ಕೇಳಿದ.

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ಇದೇ ಮೊದಲು ಸರ್, ಇದು ನಮ್ಮ ಊರಲ್ಲಿ ಬಡಿಸುವ ಕ್ರಮ, ಊಟದ ಎಲೆ ಎಂದು ಭಾವಿಸಿ ಎಂದು ಹೇಳಿಕೊಟ್ಟವನೇ ನಾನು, ಸಾಕು ಎಂದವರಿಗೆ ಒಂದು ಸೌಟು ಹಾಕುವುದು ಅವರಿಗೆ ಮರ್ಯಾದೆ, ಇನ್ನೊಮ್ಮೆ ಕೂರಿಸಿ ನೋಡಿ. ಇಷ್ಟನ್ನು ಹೇಳಲು ಒಂದು ನಿಮಿಷ ಸಾಕಿತ್ತು. ನನ್ನ ಮುರುಕು ಇಂಗ್ಲಿಷಿನಲ್ಲೂ ಹೇಳಬಹುದಿತ್ತು.

"ಸಮ್‌ಟೈಮ್ಸ್, ಸರ್" ಎಂದೆ.

ಕೋಲಿನ್ ಕಾಗದದ ಮೇಲೆ ಏನೋ ಗೀಚಿದ. ಸಮ್‌ಟೈಮ್ಸ್. ಆಗಾಗ. ಒಂದೇ ಒಂದು ಸಲವೂ ಆಗಿರದಿದ್ದದ್ದಕ್ಕೆ ನಾನು ಕೊಟ್ಟ ಹೆಸರು. ಪೂರಾ ಸುಳ್ಳು ಹೇಳುವ ಧೈರ್ಯವೂ ನನಗಿರಲಿಲ್ಲ ನೋಡಿ, ಅದಕ್ಕೆ ಅಂಥ ಜಾರುವ ಮಾತು ಹುಡುಕಿದ್ದೆ.

ಮಧ್ಯಾಹ್ನದೊಳಗೆ ಫಲಿತಾಂಶ ಬಂತು. ನನ್ನ ಹೆಸರೊಂದೇ ಇತ್ತು. ಅಲ್ಲಿಗೆ ಲಾರೆನ್ಸಣ್ಣನ ಕತೆ ಖಲಾಸ್. ಮೂರು ಗಂಟೆಗೆ ರೂಮಿಗೆ ಹೋದಾಗ ಅವರು ಇಸ್ತ್ರಿ ಮೇಜಿನ ಮೇಲಿನ ಹಸಿರು ಬೆಡ್‌ಶೀಟ್ ಮಡಚುತ್ತಿದ್ದರು. ಅಭಿನಂದನೆ ಹೇಳಿ ಕೈ ಕುಲುಕಿದರು. ಆಮೇಲೆ ನನ್ನ ಕಡೆ ನೋಡದೆ ಕೇಳಿದರು.

"ಸದಾ, ಬೊಳ್ಳ ನಿನ್ನನ್ನು ಮೂಲೆಗೆ ಕರ್ದು ಎಂತ ಕೇಳಿದ?"

"ಎಂತ ಇಲ್ಲ ಲಾರೆನ್ಸಣ್ಣ. ಪಾಸ್‌ಪೋರ್ಟಿನ ಬಗ್ಗೆ."

"ಹೌದಾ" ಎಂದರು. ಬೆಡ್‌ಶೀಟನ್ನು ಇನ್ನೊಂದು ಸಲ ಮಡಚಿದರು.

ಅಂದಿನಿಂದ ಅವರು ನನ್ನೊಡನೆ ಬೇಕಾದಷ್ಟೇ ಮಾತಾಡಿದರು. ಕೆಲಸ ಹೋದ ಬೇಸರ ಎಂದುಕೊಂಡೆ. ಹಾಗೆ ಅಂದುಕೊಳ್ಳುವುದು ನನಗೆ ಅನುಕೂಲವಾಗಿತ್ತು. ಸೆಪ್ಟೆಂಬರಿನಲ್ಲಿ ಅವರು ಊರಿಗೆ ಹೊರಟ ದಿನ ವಿಮಾನ ನಿಲ್ದಾಣಕ್ಕೆ ಹೋಗಿದ್ದೆ. ಟ್ಯಾಕ್ಸಿಯಿಂದ ಸೂಟ್‌ಕೇಸು ಇಳಿಸಲು ಕೈ ಹಾಕಿದೆ. "ಬೇಡ, ಬಿಡು. ನಾನೇ ಹಿಡೀತೇನೆ" ಎಂದರು. ತಿರುಗಿ ನೋಡದೆ ಒಳಗೆ ಹೋದರು.

ಹಡಗಿನ ಕೆಲಸದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೋ ಟೈ ಕಟ್ಟಿದೆ, ಎಲೆ ಹಂಚಿದೆ, ಗೆದ್ದವರ ನಗು, ಸೋತವರ ಬೈಗುಳ ಎರಡನ್ನೂ ಒಂದೇ ಮುಖದಲ್ಲಿ ಕೇಳಿಸಿಕೊಂಡೆ. ನಾಲ್ಕು ಊರು ನೋಡಿದೆ. ಗಿರಾಕಿಗಳು ಕೈ ಅಡ್ಡ ಆಡಿಸಿದಾಗಲೆಲ್ಲ ಮನಸ್ಸು ಮುದುಡುತ್ತಿತ್ತು, ಒಂದು ವರ್ಷದಲ್ಲಿ ಅದೂ ಅಭ್ಯಾಸವಾಯಿತು. ಒಬ್ಬನಿಗೆ ಸಿಗಬೇಕಿತ್ತು, ನನಗೆ ಸಿಕ್ಕಿತು, ತಪ್ಪು ಮಾಡಿದ್ದು ಅವರು ತಾನೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

2001ರ ಚಳಿಗಾಲದಲ್ಲಿ ನಮ್ಮ ಹಡಗು ದುಬೈ ಬಂದರಿಗೆ ಬಂತು. ಬಂದರಿನಲ್ಲಿರುವಾಗ ಹಡಗಿನ ಕ್ಯಾಸಿನೊ ಮುಚ್ಚಿರಬೇಕು, ಅದು ನಿಯಮ. ಹಾಗಾಗಿ ನಮಗೆ ರಜೆ. ಕೋಲಿನ್ ಆಗ ಅದೇ ಹಡಗಿನಲ್ಲಿ ನನ್ನ ಮೇಲಧಿಕಾರಿ. ಬೆಳಿಗ್ಗೆ ಇಬ್ಬರೂ ದೇರಾಕ್ಕೆ ಹೋಗಿ, ನೈಫ್‌ನಲ್ಲಿ ಒಂದು ಮಲಯಾಳಿಯ ಕೆಫೆಟೇರಿಯಾದಲ್ಲಿ ಚಹಾ ಕುಡಿಯುತ್ತ ಕುಳಿತೆವು. ಹಳೆಯ ಮಾತು ಬಂತು.

"ನಿನ್ನ ಜೊತೆ ಒಬ್ಬ ಮುದುಕ ಇದ್ದನಲ್ಲ, ಜಸ್ಟ್ ಎ ಲಿಟ್ಲ್" ಎಂದು ಕೋಲಿನ್ ನಕ್ಕ. "ನಾನು ಕಲಿಸಿದವರಲ್ಲಿ ಅಷ್ಟು ಒಳ್ಳೆಯ ಕೈ ಇನ್ನೊಂದಿಲ್ಲ. ಆ ಮೇಡಂಗೂ ತುಂಬ ಇಷ್ಟವಾಗಿತ್ತು. ಮೊದಲ ಸಲದ ತಪ್ಪಾಗಿದ್ದರೆ ಇನ್ನೊಮ್ಮೆ ಕೂರಿಸಿ ತೆಗೆದುಕೊಳ್ಳೋಣ ಎಂದಿದ್ದರು. ಆಗಾಗ ಮಾಡುತ್ತಾನೆ ಎಂದು ನೀನು ಹೇಳಿದೆಯಲ್ಲ, ಬಿಟ್ಟೆವು."

"ಹೇಗೂ ಒಂದೇ ಸೀಟು ಇದ್ದದ್ದಲ್ಲವೇ" ಎಂದೆ.

"ಒಂದಾ? ಯಾರು ಹೇಳಿದ್ದು? ನಿಮ್ಮ ಹೋಟೆಲಿನಿಂದ ಇಬ್ಬರು ಬೇಕಾಗಿತ್ತು. ಎರಡನೆಯವನು ಸಿಗದೆ ಬಹರೈನಿನಿಂದ ಒಬ್ಬನನ್ನು ಕರೆಸಿದೆವು."

ನಾಗರಾಜ್ ಯಾವ ಕಾಗದವನ್ನು ತಲೆಕೆಳಗಾಗಿ ಓದಿದ್ದನೋ ದೇವರಿಗೇ ಗೊತ್ತು. ಅವನನ್ನು ಬೈದು ಪ್ರಯೋಜನವಿಲ್ಲ. ಸಮ್‌ಟೈಮ್ಸ್ ಎಂದದ್ದು ಅವನಲ್ಲ. ನಾನು ಬಾಯಿ ಮುಚ್ಚಿಕೊಂಡಿದ್ದರೂ ನನಗೆ ಸಿಗುತ್ತಿತ್ತು. ನಿಜ ಹೇಳಿದ್ದರೆ ಇಬ್ಬರಿಗೂ ಸಿಗುತ್ತಿತ್ತು. ನನಗೆ ಕವಡೆಯ ಲಾಭವಿಲ್ಲದೆ ನಾನು ಆ ಮನುಷ್ಯನ ಬಾಗಿಲು ಮುಚ್ಚಿದ್ದೆ. ಅವತ್ತು ಹಡಗಿಗೆ ವಾಪಸಾಗಿ ನನ್ನ ಕ್ಯಾಬಿನ್ನಿನಲ್ಲಿ ಬಾಗಿಲು ಹಾಕಿಕೊಂಡು ಅತ್ತೆ. ಅತ್ತದ್ದರಿಂದ ಯಾರಿಗೂ ಏನೂ ಆಗಲಿಲ್ಲ.

2004ರಲ್ಲಿ ಹಡಗು ಬಿಟ್ಟು ಅಬುಧಾಬಿಯ ಒಂದು ಹೋಟೆಲಿಗೆ ಸೇರಿದೆ, ಮತ್ತೆ ಬ್ಯಾಂಕ್ವೆಟ್, ಈ ಸಲ ಸೂಪರ್‌ವೈಸರ್. ಮರುವರ್ಷ ಅಲ್ಲಿ ಕನ್ನಡದವರು ಸೇರಿದ್ದ ಒಂದು ಕಾರ್ಯಕ್ರಮದಲ್ಲಿ ಮೂಡಬಿದಿರೆ ಕಡೆಯ ಒಬ್ಬ ನರ್ಸಮ್ಮನ ಪರಿಚಯವಾಯಿತು. ಲಾರೆನ್ಸಣ್ಣನ ಇಗರ್ಜಿಯವರೇ, ಅದೇ ಚರ್ಚಿಗೆ ಹೋಗುವವರು. "ಓ, ಲಾರೆನ್ಸ್ ಅಂಕಲಾ? ಬಸ್ ಸ್ಟ್ಯಾಂಡಿನ ಹತ್ರ ಹೋಟ್ಲಲ್ಲಿ ಸಪ್ಲೈಯರ್ ಇದ್ದಾರೆ. ಪಾಪ, ಈ ಪ್ರಾಯದಲ್ಲೂ ದಿನ ಇಡೀ ನಿಲ್ತಾರೆ" ಎಂದರು. ಆ ಹೋಟೆಲಿನ ಫೋನ್ ನಂಬರು ಕೊಟ್ಟರು. ಆ ನಂಬರನ್ನು ಇಪ್ಪತ್ತು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ.

ಒಂದು ಶುಕ್ರವಾರ ಬೆಳಿಗ್ಗೆ ಕಾರ್ಡ್ ಹಾಕಿ ಫೋನ್ ಮಾಡಿದೆ. ಅವರೇ ಎತ್ತಿದರು.

"ಯಾರು? ಸದಾನಾ? ಎಂತ ಮಾರಾಯ, ಉಂಟಾ ನೀನು!" ಎಂದರು. ದನಿ ಸ್ವಲ್ಪ ನಡುಗುತ್ತಿತ್ತು, ಉಳಿದಂತೆ ಅದೇ ದನಿ. ದೊಡ್ಡ ಮಗಳಿಗೆ ಮದುವೆಯಾಯಿತು, ಕಾಲು ಊದುತ್ತದೆ, ಬೆಳಿಗ್ಗೆ ಆರಕ್ಕೆ ಹೋಗಬೇಕು ಎಂದೆಲ್ಲ ಹೇಳಿದರು. ನಾನು ಹೂಂ ಹೂಂ ಎನ್ನುತ್ತಿದ್ದೆ. ಆಮೇಲೆ ಕಣ್ಣು ಮುಚ್ಚಿಕೊಂಡು ಹೇಳಿಬಿಟ್ಟೆ.

"ಲಾರೆನ್ಸಣ್ಣ, ಅವತ್ತು ಕೋಲಿನ್ ನನ್ನತ್ರ ಕೇಳಿದ್ದು ಪಾಸ್‌ಪೋರ್ಟಿನ ಬಗ್ಗೆ ಅಲ್ಲ. ನಿಮ್ಮ ಬಗ್ಗೆ ಕೇಳಿದ್ದು. ನೀವು ಆಗಾಗ ಹಾಗೆ ಮಾಡ್ತೀರಿ ಅಂತ ನಾನು ಹೇಳಿದೆ."

ಆ ಕಡೆ ಯಾವುದೋ ಬಸ್ಸಿನ ಹಾರ್ನ್ ಕೇಳಿಸಿತು. ಆಮೇಲೆ ಅವರ ಮಾತು.

"ಗೊತ್ತುಂಟು. ಬೊಳ್ಳನೇ ನಂಗೆ ಹೇಳಿದ, ನಿನ್ನ ಫ್ರೆಂಡ್ ಹೀಗೆ ಹೇಳಿದ ಅಂತ. ಗೊತ್ತಿದ್ದೇ ನಾನು ರೂಮಲ್ಲಿ ಕೇಳಿದ್ದು. ನೀ ಹೇಳ್ತಿಯಾ ಅಂತ ನೋಡ್ಲಿಕ್ಕೆ."

ಅವರೇ ಮುಂದುವರಿಸಿದರು.

"ನಾನು ನಿಂಗೆ ತುಂಬ ಬೈದಿದ್ದೇನೆ ಸದಾ. ಸುಳ್ಳು ಹೇಳುವುದಿಲ್ಲ.‌ ಇಗರ್ಜಿಯಲ್ಲಿ ಕೂತ್ಕೊಂಡೂ ಬೈದಿದ್ದೇನೆ. ಮತ್ತೆ ಒಂದು ದಿನ ಗ್ರಹಿಸಿದೆ, ಸೀಟು ಒಂದೇ ಇದ್ದದ್ದಲ್ವಾ. ಇಬ್ರಲ್ಲಿ ಒಬ್ಬ ಬೀಳ್ಲೇಬೇಕಿತ್ತು. ನನ್ನತ್ರ ನಿನ್ನ ಬಗ್ಗೆ ಕೇಳಿದ್ರೆ ನಾನಾದ್ರೂ ಎಂತ ಹೇಳ್ತಿದ್ದೆನೋ, ಯಾರಿಗೆ ಗೊತ್ತುಂಟು? ಹೊಟ್ಟೆಪಾಡು. ಹಾಗೆ ಗ್ರಹಿಸಿದ ಮೇಲೆ ಬೈಯುವುದು ಬಿಟ್ಟೆ. ಸೀಟು ಒಂದೇ ಇದ್ದದ್ದಲ್ವಾ?"

ಕೊನೆಯ ಮಾತನ್ನು ಅವರು ಪ್ರಶ್ನೆಯ ಹಾಗೆ ಕೇಳಿದರು. ಉತ್ತರಕ್ಕೆ ಕಾದರು.

"ಹೌದು ಲಾರೆನ್ಸಣ್ಣ. ಒಂದೇ" ಎಂದೆ.

"ಹಾಂ, ಮತ್ತೆಂತ. ಬಿಡು. ಊರಿಗೆ ಬಂದ್ರೆ ಬಾ" ಎಂದರು. ಅಷ್ಟರಲ್ಲಿ ಕಾರ್ಡಿನ ನಿಮಿಷ ಮುಗಿದು ಫೋನ್ ಕಟ್ಟಾಯಿತು.

ಅವರ ಸಮಾಧಾನ ಕೆಡಿಸಬಾರದೆಂದು ಸುಮ್ಮನಾದೆ ಎಂದು ಕೆಲವು ದಿನ ನಂಬಿದ್ದೆ. ಅದೂ ಸುಳ್ಳು. ಕ್ಷಮೆ ಕೈಗೆ ಸಿಕ್ಕಿತ್ತು, ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಮೊದಲ ಸಲ ಸೀಟಿನ ಆಸೆಗೆ ಮಾಡಿದ್ದನ್ನು ಎರಡನೇ ಸಲ ಕ್ಷಮೆಯ ಆಸೆಗೆ ಮಾಡಿದೆ. ಊರಿಗೆ ಹೋದಾಗಲೆಲ್ಲ ಮೂಡಬಿದಿರೆಯ ಬಸ್ ಸ್ಟ್ಯಾಂಡು ದಾಟಿ ಹೋಗಿದ್ದೇನೆ. ಒಮ್ಮೆಯೂ ಇಳಿದಿಲ್ಲ. ಇಳಿದರೆ ಅವರು ಪ್ರೀತಿಯಿಂದ ಕೂರಿಸಿ ಬಡಿಸುತ್ತಾರೆ, ಅದು ನನಗೆ ಗೊತ್ತು.

ಅವರ ಹೋಟೆಲಿಗೆ ಇದು ಅಚ್ಚಾಗುವ ಪತ್ರಿಕೆ ಬರುತ್ತದೆಯೋ ಇಲ್ಲವೋ ತಿಳಿಯದು. ಬಂದರೆ ಓದಲಿ ಎಂದೇ ಇದನ್ನು ಬರೆದದ್ದು. ಮುಖ ನೋಡಿ ಹೇಳುವ ಧೈರ್ಯ ನನಗೆ ಈಗಲೂ ಇಲ್ಲ. ಓದಿ ಮತ್ತೆ ಬೈಯಲು ಶುರುಮಾಡಿದರೆ ಅದು ಅವರ ಹಕ್ಕು.

ಸೀಟು ಎರಡಿತ್ತು, ಲಾರೆನ್ಸಣ್ಣ.